ರೈತ ಚಳವಳಿ ಒಡೆಯುವುದೆಲ್ಲಿ?

'ನಾನು ರೈತ ಸಂಘದವ' ಅಂತ ಯಾರಾದರೂ ಹೇಳಿದರೆ ಕೂಡಲೇ ಬರುವ ಪ್ರಶ್ನೆ, 'ಯಾವ ರೈತ ಸಂಘ?' ಹೆಗಲ ಮೇಲಿನ ಹಸಿರು ಶಾಲು ಒಂದೇ. ಹೆಸರೂ ಹೆಚ್ಚುಕಡಿಮೆ ಒಂದೇ. ಬಣ ಮಾತ್ರ ಬೇರೆ. 'ಸರ್ಕಾರ ಒಡೆಯಿತು, ಪಕ್ಷಗಳು ಒಡೆದವು' ಎಂಬ ಉತ್ತರ ಎಲ್ಲರ ಬಾಯಲ್ಲೂ ತಯಾರಿರುತ್ತದೆ. ಅದು ಅರ್ಧ ಸತ್ಯ. ಹೊರಗಿನವರು ಬೆಣೆ ಹೊಡೆಯಬೇಕಾದರೆ ಮರದಲ್ಲಿ ಮೊದಲೇ ಸೀಳು ಇರಬೇಕಲ್ಲ!

ಭಿನ್ನಾಭಿಪ್ರಾಯ ಬಂದದ್ದರಿಂದ ಸಂಘ ಒಡೆಯಿತು ಅಂತ ನಾವು ಹೇಳುವುದುಂಟು. ನನಗೆ ಹಾಗನಿಸುವುದಿಲ್ಲ. ಭಿನ್ನಾಭಿಪ್ರಾಯವನ್ನು ಒಳಗೇ ಕೂತು ಹೇಳ್ಲಿಕ್ಕೆ ಜಾಗ ಇಲ್ಲದಾಗ ಒಡೆಯುತ್ತದೆ. ನಮ್ಮ ಸಹಕಾರಿ ಸಂಘಗಳನ್ನೇ ನೋಡಿ. ನೂರು ದೋಷ ಇರಬಹುದು. ಆದರೂ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು, ಠರಾವಿಗೆ ನನ್ನ ವಿರೋಧ ಇದೆ ಅಂತ ನಡವಳಿ ಪುಸ್ತಕದಲ್ಲಿ ಬರೆಸಬಹುದು. ಚಳವಳಿಯಲ್ಲಿ ಬಹಳ ಸಲ ಈ ಪುಸ್ತಕವೇ ಇರುವುದಿಲ್ಲ. ತೀರ್ಮಾನ ಆಗುವುದು ವೇದಿಕೆಯ ಮೇಲೆ, ಮೈಕಿನ ಮುಂದೆ. ಅಲ್ಲಿ 'ಬೇಡ' ಅಂದವ ದ್ರೋಹಿ. ಅವನಿಗೆ ಉಳಿಯುವ ದಾರಿ ಹೊಸ ಬೋರ್ಡು ಬರೆಸುವುದು ಒಂದೇ.

ಬೋಟ್ ಕ್ಲಬ್ಬಿನಿಂದ ಡಂಕೆಲ್‌ವರೆಗೆ

1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರಿನ ಬಿಸಿಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರು ಈರುಳ್ಳಿ ಬೆಳೆಗಾರರನ್ನು ಒಟ್ಟುಗೂಡಿಸುತ್ತಿದ್ದರು. ಮುಂದೆ ಉತ್ತರ ಪ್ರದೇಶದಲ್ಲಿ ಮಹೇಂದ್ರ ಸಿಂಗ್ ಟಿಕಾಯತ್ ಎದ್ದರು. 1989ರ ಅಕ್ಟೋಬರ್ 2ರಂದು ಎಲ್ಲರೂ ದಿಲ್ಲಿಯ ಬೋಟ್ ಕ್ಲಬ್ಬಿನಲ್ಲಿ ಒಂದಾಗುವುದೆಂದಿತ್ತು. ಆದದ್ದೇನು? ನಾಯಕರೊಳಗಿನ ಮೇಲಾಟದಿಂದ ಅಲ್ಲೇ ಗಲಾಟೆಯಾಗಿ ಸಭೆ ಹಾಳಾಯಿತು. ಬೇಡಿಕೆಗಳಲ್ಲಿ ಹೇಳುವಂಥ ವ್ಯತ್ಯಾಸವೇನೂ ಇರಲಿಲ್ಲ.

ನಿಜವಾದ ವ್ಯತ್ಯಾಸ ಬಂದದ್ದು ಆಮೇಲೆ. 1991ರ ಕೊನೆಗೆ ಗ್ಯಾಟ್ ಒಪ್ಪಂದದ ಡಂಕೆಲ್ ಕರಡು ಹೊರಬಿತ್ತು. ಪ್ರೊಫೆಸರ್ ನಂಜುಂಡಸ್ವಾಮಿಯವರು 'ಬೀಜ ಕಂಪನಿಗಳ ಪಾಲಾಗುತ್ತದೆ' ಅಂತ ವಿರೋಧಿಸಿದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರು ನುಗ್ಗಿದ್ದೂ ಇದೇ ಕಾರಣಕ್ಕೆ. ಜೋಶಿಯವರ ವಾದ ಇದಕ್ಕೆ ಪೂರ್ತಿ ಉಲ್ಟಾ. ರಫ್ತು ತಡೆದು, ಸಾಗಾಟ ತಡೆದು ಬೆಲೆ ಇಳಿಸುವುದು ನಮ್ಮ ಸರ್ಕಾರವೇ, ಮಾರುಕಟ್ಟೆ ತೆರೆಯಲಿ, ಡಂಕೆಲ್ ಬರಲಿ!

ಇಬ್ಬರ ಮಾತಿನಲ್ಲೂ ಹುರುಳಿತ್ತು ಎನ್ನುವುದು ನನ್ನ ಲೆಕ್ಕ. ರಫ್ತು ನಿಂತರೆ ಈರುಳ್ಳಿಯವನ ಹೊಟ್ಟೆಗೆ ಪೆಟ್ಟು. ಆಮದು ಬಂದರೆ ಅಡಿಕೆಯ ನಮಗೆ ಪೆಟ್ಟು. ಬೆಳೆ ಬೇರೆ, ಆದ್ದರಿಂದ ಭಯವೂ ಬೇರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಬೀಜ ಉಳಿಸುವ, ಹಂಚುವ ಹಕ್ಕನ್ನು ಬರೆದಿಟ್ಟರಲ್ಲ, ಅಂದರೆ ಪ್ರೊಫೆಸರರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಅತ್ತ 2023ರ ಡಿಸೆಂಬರಿನಿಂದ 2024ರ ಮೇ ತನಕ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನೇ ನಿಲ್ಲಿಸಿತು. ಜೋಶಿಯವರ ದೂರೂ ಹಳತಾಗಿರಲಿಲ್ಲ. ಇಂಥಾ ವಿಷಯ ವರ್ಷಗಟ್ಟಲೆ ಕೂತು ಚರ್ಚಿಸಬೇಕಾದ್ದು. ಆದರೆ ಎರಡೂ ಕಡೆ ಅದು ನಿಷ್ಠೆಯ ಪರೀಕ್ಷೆಯಾಯಿತು. ಡಂಕೆಲ್ ಪರವೋ ವಿರೋಧವೋ, ಒಂದೇ ಮಾತಿನಲ್ಲಿ ಹೇಳು ಅಂತ!

ಇರ್ವಿಂಗ್ ಜಾನಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1972ರಲ್ಲಿ ಇದರ ಬಗ್ಗೆ ಬರೆದ, ಇದರ ಹೆಸರು 'ಗ್ರೂಪ್‌ಥಿಂಕ್'. ಗುಂಪಿನ ಒಗ್ಗಟ್ಟು ಕೆಡಬಾರದು ಅಂತ ಪ್ರತಿಯೊಬ್ಬನೂ ತನ್ನ ಸಂಶಯ ನುಂಗಿಕೊಳ್ಳುವುದು. ಒಬ್ಬನೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದ್ದಾರೆಂದು ಎಲ್ಲರೂ ತಿಳಿಯುವುದು. ಅವನು ಬರೆದದ್ದು ವಾಷಿಂಗ್ಟನ್ನಿನ ಮಂತ್ರಾಲೋಚನೆಗಳ ಬಗ್ಗೆ. ನಮ್ಮ ತಾಲೂಕು ಘಟಕದ ಸಭೆಗೂ ಚೆನ್ನಾಗಿಯೇ ಹೊಂದುತ್ತದೆ, ಬಿಡಿ.

ಮುಂದೆ ಬಾಬಾಗೌಡ ಪಾಟೀಲರು ಭಾಜಪ ಸೇರಿ 1998ರಲ್ಲಿ ಕೇಂದ್ರದಲ್ಲಿ ಮಂತ್ರಿಯಾದರು. ಪುಟ್ಟಣ್ಣಯ್ಯನವರದ್ದು ಬೇರೆ ಬಣವಾಯಿತು. ಪ್ರೊಫೆಸರರು 2004ರಲ್ಲಿ ತೀರಿಕೊಂಡರು, ಪುಟ್ಟಣ್ಣಯ್ಯ 2018ರಲ್ಲಿ. ಬಣಗಳು ಉಳಿದವು.

ದಿಲ್ಲಿ ಗಡಿಯ ಒಂದು ವರ್ಷ

ಹಾಗಾದರೆ ಒಡೆಯದೆ ನಿಂತದ್ದು ಇಲ್ಲವೇ? ಇದೆ. ಮೂರು ಕೃಷಿ ಕಾಯಿದೆಗಳ ವಿರುದ್ಧ 2020ರ ನವೆಂಬರ್ 26ರಿಂದ ಒಂದು ವರ್ಷ ಮೀರಿ ಸಿಂಘು, ಟಿಕ್ರಿ, ಗಾಜಿಪುರದಲ್ಲಿ ರೈತರು ಕೂತರು. ಪಂಜಾಬಿನದ್ದೇ 32 ಸಂಘಟನೆಗಳು. ಕೆಂಪು ಬಾವುಟದವರು, ಹಸಿರು ಬಾವುಟದವರು, ದೊಡ್ಡ ಹಿಡುವಳಿದಾರರು, ಸಣ್ಣವರು. ಸಂಯುಕ್ತ ಕಿಸಾನ್ ಮೋರ್ಚಾಕ್ಕೆ ಒಬ್ಬನೇ ನಾಯಕ ಇರಲಿಲ್ಲ. ಜಗಳವೆಲ್ಲ ಸಭೆಯೊಳಗೆ, ಹೊರಗೆ ಬಂದು ಹೇಳುವುದು ಒಂದೇ ಮಾತು. 2020ರ ಡಿಸೆಂಬರ್ 10ರಂದು ಏಕತಾ ಉಗ್ರಾಹಾಂ ಬಣ ಟಿಕ್ರಿಯಲ್ಲಿ ಜೈಲಿನಲ್ಲಿದ್ದ ಲೇಖಕರು, ಹೋರಾಟಗಾರರ ಫೋಟೋ ಹಿಡಿಯಿತು. ಬೇರೆಯವರಿಗೆ ಅದು ಇಷ್ಟವಾಗಲಿಲ್ಲ, 'ಇದು ಎಲ್ಲರ ತೀರ್ಮಾನವಲ್ಲ' ಅಂದರು. ಅಷ್ಟೇ. ಉಗ್ರಾಹಾಂ ಬಣ ಗಡಿ ಬಿಟ್ಟು ಹೋಗಲಿಲ್ಲ, ಯಾರೂ ಕಳಿಸಲೂ ಇಲ್ಲ. 2021ರ ನವೆಂಬರ್ 19ರಂದು ಪ್ರಧಾನಿ ಕಾಯಿದೆ ವಾಪಸು ಎಂದರು.

ಹಾಗಂತ ಅಲ್ಲೂ ಎಲ್ಲ ಸರಿಯಿತ್ತೆನ್ನಲಿಕ್ಕಾಗದು. 2021ರ ಜನವರಿ 26ರ ಕೆಂಪುಕೋಟೆ ಗಲಾಟೆಯ ಮರುದಿನವೇ ಎರಡು ಸಂಘಟನೆಗಳು ಹೊರನಡೆದವು. ಅಕ್ಟೋಬರ್ 3ರಂದು ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿಯಿತು. ಆ ದಿನ ಸತ್ತವರು ಎಂಟು ಮಂದಿ, ನಾಲ್ವರು ರೈತರು, ಒಬ್ಬ ಪತ್ರಕರ್ತ, ಉಳಿದ ಮೂವರು ಭಾಜಪದ ಕಡೆಯವರು. ಯೋಗೇಂದ್ರ ಯಾದವರು ಆ ಮೂವರಲ್ಲೊಬ್ಬನ ಮನೆಗೂ ಹೋಗಿ ಸಾಂತ್ವನ ಹೇಳಿದರು. ಅದಕ್ಕೆ ಮೋರ್ಚಾ ಅವರನ್ನು ಒಂದು ತಿಂಗಳು ಅಮಾನತು ಮಾಡಿತು. ಸತ್ತವರ ಮನೆಗೆ ಹೋಗುವುದು ನಮ್ಮಲ್ಲಿ ಹಗೆಯವರೂ ಮಾಡುವ ಕೆಲಸ. ಕೇಳದೆ ಹೋದದ್ದು ತಪ್ಪು ಅಂತ ಯಾದವರೇ ಒಪ್ಪಿದರು. ಹೋದದ್ದು ತಪ್ಪು ಅನ್ನಲಿಲ್ಲ. ಆದರೆ ಗಮನಿಸಿ, ಹೊರಹಾಕಲಿಲ್ಲ, ಅವರು ಹೊಸ ಮೋರ್ಚಾ ಕಟ್ಟಲೂ ಇಲ್ಲ.

ಒಡೆದದ್ದು ಗೆದ್ದ ಮೇಲೆ. ಡಿಸೆಂಬರಿನಲ್ಲೇ 22 ಸಂಘಟನೆಗಳು ಚುನಾವಣೆಗೆ ಹೊರಟವು, 2022ರಲ್ಲಿ ಪಂಜಾಬಿನಲ್ಲಿ ಒಂದು ಸೀಟೂ ಬರಲಿಲ್ಲ. ಅದೇ ವರ್ಷ ಮೇ 15ರಂದು, ಟಿಕಾಯತರ ಪುಣ್ಯತಿಥಿಯ ದಿನವೇ, ಅವರ ಕಿಸಾನ್ ಯೂನಿಯನ್ ಇಬ್ಭಾಗವಾಗಿ 'ಅರಾಜಕೀಯ' ಬಣ ಹುಟ್ಟಿತು. ಮೋರ್ಚಾದಿಂದಲೂ ಒಂದು 'ಅರಾಜಕೀಯ' ಮೋರ್ಚಾ ಬೇರೆಯಾಯಿತು. 2024ರ ಫೆಬ್ರವರಿಯಲ್ಲಿ ಶಂಭು, ಖನೌರಿ ಗಡಿಯಲ್ಲಿ ಕೂತದ್ದು ಈ ಹೊಸ ಮೋರ್ಚಾ ಮತ್ತು ಅದರ ಜೊತೆಗಾರರು. ಹಳೆ ಮೋರ್ಚಾ ಅಲ್ಲಿ ಕೂರಲಿಲ್ಲ. 2025ರ ಮಾರ್ಚ್ 19ರಂದು ಪಂಜಾಬ್ ಪೊಲೀಸರು ನಾಯಕರನ್ನು ವಶಕ್ಕೆ ತೆಗೆದುಕೊಂಡು ಎರಡೂ ಕಡೆ ಡೇರೆ ಕಿತ್ತರು. ಬೆಂಬಲ ಬೆಲೆಗೆ ಕಾನೂನು ಬೇಕೆಂಬ ಬೇಡಿಕೆ ಮಾತ್ರ ಇಬ್ಬರ ಪಟ್ಟಿಯಲ್ಲೂ ಇತ್ತು.