ಸೈಬರ್ ಸುರಕ್ಷಾ ಸ್ಪರ್ಧೆಗೆ ಕನ್ನಡ ಮಾಧ್ಯಮದ ತಂಡ: ಏಕೆ, ಹೇಗೆ?

ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: “ಮಾಷ್ಟ್ರೇ, ಈ ಕಂಪ್ಯೂಟರ್ ಕಾಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳು ಹಿಂದೆ ಬೀಳುವುದಿಲ್ಲವೇ?” ಈ ಆತಂಕದಿಂದಲೇ ಮಕ್ಕಳನ್ನು ನಡುವಿನ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವವರಿದ್ದಾರೆ. ಹಾಗೆ ಒಂದೊಂದು ಮಗು ಹೊರಟಾಗಲೂ ಕಾಸರಗೋಡಿನ ಕನ್ನಡ ಡಿವಿಜನ್ ಒಂದಿಷ್ಟು ಸೊರಗುತ್ತದೆ. ಆ ಪ್ರಶ್ನೆಗೆ ಉತ್ತರವಾಗಿ ಇಲ್ಲಿ ಒಂದು ಸ್ಪರ್ಧೆಯನ್ನು ಪರಿಚಯಿಸುತ್ತೇವೆ.

ಅದರ ಹೆಸರು ‘ಕ್ಯಾಪ್ಚರ್ ದ ಫ್ಲ್ಯಾಗ್’, ಅಂದರೆ ಬಾವುಟ ಗೆಲ್ಲುವ ಆಟ. ಅಮೆರಿಕದ ಡೆಫ್ ಕಾನ್ ಸಮ್ಮೇಳನದಲ್ಲಿ 1996ರಲ್ಲಿ ಆರಂಭವಾದ ಈ ಸ್ಪರ್ಧೆ ಇಂದು ಶಾಲಾ ಮಕ್ಕಳವರೆಗೂ ಬಂದಿದೆ. ಬಾವುಟವೆಂದರೆ ಕಡತ, ಚಿತ್ರ ಅಥವಾ ಜಾಲಪುಟದೊಳಗೆ ಸಂಘಟಕರು ಅಡಗಿಸಿಟ್ಟ ಒಂದು ಸಾಲಿನ ಗುಟ್ಟು. ಅದನ್ನು ಹುಡುಕಿ ಸಲ್ಲಿಸಿದ ತಂಡಕ್ಕೆ ಅಂಕ. ಕಠಿಣ ಪ್ರಶ್ನೆಗೆ ಹೆಚ್ಚು ಅಂಕ. ಗುಪ್ತಲಿಪಿ, ಜಾಲತಾಣದ ದೋಷ, ಡಿಜಿಟಲ್ ಪುರಾವೆಗಳ ಶೋಧ, ಪ್ರೋಗ್ರಾಮನ್ನು ಬಿಚ್ಚಿ ನೋಡುವುದು ಮುಂತಾದ ವಿಭಾಗಗಳಿರುತ್ತವೆ.

ಇದು ನಮ್ಮ ಮಕ್ಕಳ ಕೈಗೆಟುಕದ ವಿದ್ಯೆಯಲ್ಲ. ‘ಖಢವು’ ಎಂಬ ಪದವನ್ನು ಕರಿಹಲಗೆಯಲ್ಲಿ ಬರೆಯಿರಿ. ಅರ್ಥವಿಲ್ಲ. ವರ್ಣಮಾಲೆಯಲ್ಲಿ ಪ್ರತಿ ವ್ಯಂಜನದಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ: ಖ ಇದ್ದಲ್ಲಿ ಕ, ಢ ಇದ್ದಲ್ಲಿ ಡ, ವ ಇದ್ದಲ್ಲಿ ಲ. ‘ಕಡಲು’ ಎಂಬ ಪದ ದೊರೆಯುತ್ತದೆ. ರೋಮಿನ ಜೂಲಿಯಸ್ ಸೀಸರನ ಹೆಸರಿನಲ್ಲಿ ಪ್ರಸಿದ್ಧವಾದ ಗುಪ್ತಲಿಪಿಯ ಸೂತ್ರವೂ ಇದೇ. ಆತ ಮೂರು ಅಕ್ಷರ ಸರಿಸುತ್ತಿದ್ದ. ಆರಂಭದ ಪ್ರಶ್ನೆಗಳಲ್ಲಿ ಇದು ಸಾಮಾನ್ಯ. ಮೊಬೈಲಿನಲ್ಲಿ ತೆಗೆದ ಫೋಟೋದ ಕಡತದೊಳಗೆ ದಿನಾಂಕ, ಫೋನಿನ ಮಾದರಿ, ಕೆಲವೊಮ್ಮೆ ಸ್ಥಳವೂ ದಾಖಲಾಗಿರುತ್ತದೆ. ಅದನ್ನು ಓದಿ ಗುಟ್ಟು ಕಂಡುಕೊಳ್ಳುವ ಪ್ರಶ್ನೆಗಳೂ ಇರುತ್ತವೆ. ಇದನ್ನು ಅರಿತ ಮಗು ಮನೆಯವರ ಫೋಟೋಗಳನ್ನು ಹಂಚುವಾಗ ತಾನಾಗಿಯೇ ಎಚ್ಚರ ವಹಿಸುತ್ತದೆ.

ಭಾಷೆಯ ವಿಚಾರವನ್ನು ಮರೆಮಾಚುವುದಿಲ್ಲ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ. ಆದರೆ ಅವು ಬಹುತೇಕ ನಾಲ್ಕಾರು ಸಾಲಿನವು, ಉತ್ತರವೋ ಒಂದೇ ಸಾಲು. ಅವುಗಳ ನಡುವೆ ನಡೆಯುವ ಯೋಚನೆ ಯಾವ ಭಾಷೆಯಲ್ಲಿ ನಡೆಯಿತೆಂದು ಯಾರೂ ಕೇಳುವುದಿಲ್ಲ. ತಂಡದ ಪ್ರಯೋಜನ ಇಲ್ಲಿಯೇ ಇದೆ. ಒಬ್ಬಳು ಪ್ರಶ್ನೆಯನ್ನು ಓದಿ ಕನ್ನಡದಲ್ಲಿ ತಿಳಿಸಲಿ. ಲೆಕ್ಕದಲ್ಲಿ ಜಾಣನಾದವನು ಗುಪ್ತಲಿಪಿಗೆ ಕೈಹಾಕಲಿ. ಮತ್ತೊಬ್ಬರು ಕಡತಗಳನ್ನು ಶೋಧಿಸಲಿ. ಇನ್ನೊಬ್ಬರು ಪ್ರಯತ್ನಿಸಿದ್ದನ್ನೆಲ್ಲ, ಸೋತದ್ದನ್ನೂ ಸೇರಿಸಿ, ಪುಸ್ತಕದಲ್ಲಿ ಬರೆದಿಡಲಿ. ಒಬ್ಬರು ನಡೆದು ಮುಚ್ಚಿದೆಯೆಂದು ಕಂಡ ದಾರಿಯಲ್ಲಿ ಇನ್ನೊಬ್ಬರು ವೃಥಾ ನಡೆಯುವುದು ಆಗ ತಪ್ಪುತ್ತದೆ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲೇಬೇಕು. ಅದಕ್ಕಾಗಿ ಮಾಧ್ಯಮವನ್ನೇ ತೊರೆಯಬೇಕಾಗಿಲ್ಲ.

ಕೇರಳದ ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿಯ ಸರಕಾರಿ ಮತ್ತು ಅನುದಾನಿತ ಶಾಲೆಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದು ಉಬುಂಟು ಆಧಾರಿತ ಕೈಟ್ ಲಿನಕ್ಸ್. ಈ ಸ್ಪರ್ಧೆಗಳಲ್ಲಿ ನಿತ್ಯ ಬೇಕಾಗುವುದೂ ಲಿನಕ್ಸ್ ಆದೇಶಗಳೇ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಘಟಕವಿರುವ ಪ್ರೌಢಶಾಲೆಗಳಲ್ಲಿ ಮಕ್ಕಳ ಗುಂಪು ಈಗಾಗಲೇ ಸಿದ್ಧವಿದೆ.

ಆರಂಭಿಸಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ 2013ರಿಂದ ನಡೆಸುತ್ತಿರುವ ಪಿಕೊಸಿಟಿಎಫ್ ಸೂಕ್ತ. ಶುಲ್ಕವಿಲ್ಲ, 13 ವರ್ಷ ತುಂಬಿರಬೇಕು, 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು. ಇತ್ತೀಚಿನ ವರ್ಷಗಳಲ್ಲಿ ಮುಖ್ಯ ಸ್ಪರ್ಧೆ ಮಾರ್ಚ್ ತಿಂಗಳಲ್ಲಿ ನಡೆದಿದೆ. ಅದು ನಮ್ಮ ಪರೀಕ್ಷೆಯ ಕಾಲ. ಆದುದರಿಂದ ಹತ್ತನೆಯ ತರಗತಿಯವರನ್ನು ಒತ್ತಾಯಿಸುವುದು ಬೇಡ. ಅಭ್ಯಾಸದ ಪ್ರಶ್ನೆಗಳು ವರ್ಷವಿಡೀ ತೆರೆದಿರುತ್ತವೆ. ನಮ್ಮದೇ ರಾಜ್ಯದ ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿರುವ ಅಮೃತ ವಿಶ್ವವಿದ್ಯಾಪೀಠದ ಬಯೋಸ್ ತಂಡವೂ ಶಾಲಾ ಮಕ್ಕಳಿಗಾಗಿ ಇನ್‌ಸಿಟಿಎಫ್ ಜೂನಿಯರ್ ಸ್ಪರ್ಧೆಯನ್ನು ನಡೆಸಿದೆ.

ಒಂದು ಗೆರೆಯನ್ನು ಮಾತ್ರ ಮೊದಲ ದಿನವೇ ಎಳೆಯಬೇಕು. ಸ್ಪರ್ಧೆಗೆಂದು ಕೊಟ್ಟ ಯಂತ್ರದ ಮೇಲಷ್ಟೇ ಈ ವಿದ್ಯೆಯ ಪ್ರಯೋಗ. ಅನುಮತಿಯಿಲ್ಲದೆ ಅನ್ಯರ ಖಾತೆಗೋ ಶಾಲೆಯ ಜಾಲಕ್ಕೋ ದುರುದ್ದೇಶದಿಂದ ನುಗ್ಗಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಬೀಗ ತೆರೆಯಬಲ್ಲವನು ಕೇಳದೆ ಪರರ ಮನೆ ತೆರೆಯಬಾರದೆಂಬ ನೀತಿಯನ್ನು ಹೆತ್ತವರೂ ಮನೆಯಲ್ಲಿ ನೆನಪಿಸುತ್ತಿರಬೇಕು.

ನಾಲ್ವರು ಮಕ್ಕಳು, ಅಂತರ್ಜಾಲವಿರುವ ಒಂದು ಯಂತ್ರ, ವಾರಕ್ಕೊಂದು ಸಂಜೆ ತರಗತಿ ಮುಗಿದ ಮೇಲೆ ಒಂದು ಗಂಟೆ. ಇಷ್ಟು ಸಾಕು. ಹೆತ್ತವರಲ್ಲಿ ನಮ್ಮ ಕೋರಿಕೆಯೂ ಇಷ್ಟೇ: ಮುಂದಿನ ಸಭೆಯಲ್ಲಿ ಆ ಒಂದು ಗಂಟೆಯನ್ನು ಕೇಳಿ ಪಡೆಯಿರಿ. ಮಗುವಿನ ಮಾಧ್ಯಮ ಬದಲಿಸುವ ಅರ್ಜಿಗೆ ಸಹಿ ಹಾಕುವ ಮುನ್ನ, ಅದು ಕನ್ನಡದಲ್ಲಿ ಯೋಚಿಸಿ ಬಾವುಟವೊಂದನ್ನು ಗೆಲ್ಲುವುದನ್ನು ಪಕ್ಕದಲ್ಲಿ ಕುಳಿತು ಒಮ್ಮೆ ನೋಡಿರಿ.