ಎಕರೆ, ಸೆಂಟು, ಗುಂಟೆ: ಬಳ್ಳಾರಿ ಸೀಮೆಯ ಮೋಜಣಿಯೂ ತಂತ್ರಾಂಶವೂ

ಶಾಸನಗಳನ್ನು ಓದಿದವರಿಗೆ ಮತ್ತರು, ಕಮ್ಮ ಎಂಬ ಭೂಮಾನಗಳು ಪರಿಚಿತವಾದುವೇ. ದತ್ತಿಯ ಭೂಮಿಯನ್ನು ಹೇಳುವಾಗ ಅದನ್ನು ಯಾವ ಕೋಲಿನಿಂದ ಅಳೆದುದೆಂಬುದನ್ನೂ ಶಾಸನಗಳು ಅನೇಕ ವೇಳೆ ಸೇರಿಸುತ್ತವೆ. ಏಕೆಂದರೆ ಕೋಲು ನಾಡಿನಿಂದ ನಾಡಿಗೆ ಬೇರೆಯಾಗಿತ್ತು. ಬಳ್ಳಿಗಾವೆಯಲ್ಲಿ ಭೇರುಂಡನ ಹೆಸರಿನ ಘಳೆಯೇ ಇದ್ದಿತು. ಕೋಲನ್ನು ಹೇಳದೆ ಮತ್ತರನ್ನು ಮಾತ್ರ ಹೇಳಿದ ಕಡೆ ಆ ಭೂಮಿಯ ವಿಸ್ತಾರವು ಇಂದು ನಿಶ್ಚಯವಾಗಿ ತಿಳಿಯದು. ಸಿಂದರ ನೆಲೆಯಾಗಿದ್ದ ಕುರುಗೋಡಿನ ಹೊಲವನ್ನು ಉಪಗ್ರಹಗಳ ನೆರವಿನಿಂದ ಅಳೆಯುವ ಈಗಿನ ಮೋಜಣಿದಾರನಿಗೂ ಇದೇ ತೊಡಕು ಬೇರೊಂದು ವೇಷದಲ್ಲಿ ಎದುರಾಗುತ್ತದೆ.

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪೆನಿಯ ಕೈಸೇರಿತು. ಅಲ್ಲಿಯ ಮೊದಲ ಪ್ರಧಾನ ಕಲೆಕ್ಟರನಾದ ತಾಮಸ್ ಮನ್ರೋ 1802ರಿಂದ ಹೊಲಹೊಲವನ್ನೂ ಅಳೆಯಿಸಿದನು. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಜಿಲ್ಲೆಯ ಕಂದಾಯದ ಲೆಕ್ಕವು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಹಳೆಯ ಮೈಸೂರಿನಲ್ಲಿಯೂ ಮುಂಬಯಿ ಪ್ರಾಂತದಲ್ಲಿಯೂ ರೂಢಿಯಾದುದು 33 ಅಡಿಯ ಸರಪಳಿ. ಅದರ ಒಂದು ಚದರವೇ ಗುಂಟೆ, 40 ಗುಂಟೆಗೆ ಒಂದು ಎಕರೆ. ಮದರಾಸಿನಲ್ಲಿ ರೂಢವಾದುದಾದರೋ ಗಂಟರನ ಹೆಸರಿನ 66 ಅಡಿಯ ಸರಪಳಿ. ಅದಕ್ಕೆ ನೂರು ಕೊಂಡಿಗಳು. ಸಾವಿರ ಚದರ ಕೊಂಡಿಗೆ ಒಂದು ಸೆಂಟು, ನೂರು ಸೆಂಟಿಗೆ ಒಂದು ಎಕರೆ. ಆಡಳಿತವು ಬದಲಾಯಿತು, ಸೆಂಟು ಬದಲಾಗಲಿಲ್ಲ. ಬಳ್ಳಾರಿಯ ಪಹಣಿಯಲ್ಲಿಯೂ ಕ್ರಯಪತ್ರದಲ್ಲಿಯೂ ಅದು ಇನ್ನೂ ಉಳಿದಿದೆ.

ಮದರಾಸಿನ ಕ್ರಮದಲ್ಲಿ ಹೊಲದ ನಡುವೆ ಕಲ್ಲಿನಿಂದ ಕಲ್ಲಿಗೆ ಒಂದು ರೇಖೆಯನ್ನು ಎಳೆದು, ಅದರಿಂದ ಎರಡು ಪಕ್ಕಗಳ ಬದುಗಳ ಮೂಲೆಗಳಿಗೆ ಲಂಬಗಳನ್ನು ಅಳೆದು, ಆ ಅಂಕಿಗಳನ್ನು ಕ್ಷೇತ್ರದ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದರು. ರೇಖೆಯು 500 ಕೊಂಡಿ, ಲಂಬವು 200 ಕೊಂಡಿಯಾದರೆ ಆ ತ್ರಿಕೋಣವು 50,000 ಚದರ ಕೊಂಡಿ, ಎಂದರೆ ಸರಿಯಾಗಿ 50 ಸೆಂಟು. ಇಂತಹ ತುಂಡುಗಳನ್ನು ಕೂಡಿಸುವುದೇ ಲೆಕ್ಕ. ಒಂದು ಸರ್ವೆ ನಂಬರು ಅಣ್ಣತಮ್ಮಂದಿರಲ್ಲಿ ಐದು ಪಾಲಾದಾಗ ಈ ಕೆಲಸವು ದಿನಗಟ್ಟಲೆ ಹಿಡಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ತಂತ್ರಾಂಶವು ಮೊದಲು ವಹಿಸಿಕೊಂಡುದು ಈ ಗುಣಾಕಾರವನ್ನೇ. 1960ರ ಸುಮಾರಿಗೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಸಿದ್ಧವಾದ ಕೋಗೋ ಎಂಬ ಕ್ರಮವು ಪ್ರತಿಯೊಂದು ಮೂಲೆಗೂ ಎರಡು ನಿರ್ದೇಶಾಂಕಗಳನ್ನು ಕೊಟ್ಟು, ಅವುಗಳಿಂದಲೇ ದೂರ, ಕೋನ, ವಿಸ್ತಾರಗಳನ್ನು ಎಣಿಸಿತು. 1982ರಲ್ಲಿ ಬಂದ ಆಟೋಕ್ಯಾಡ್ ನಕ್ಷೆಯನ್ನು ಮೇಜಿನ ಮೇಲಿನ ಯಂತ್ರಕ್ಕೆ ತಂದಿತು. ಆಮೇಲೆ ಟೋಟಲ್ ಸ್ಟೇಷನ್ ಅಳೆದ ಅಂಕಿಗಳು ಕೈಬರಹವಿಲ್ಲದೆಯೇ ಗಣಕಕ್ಕೆ ಹರಿದವು. ಇದರಿಂದಾದ ಲಾಭವು ದೊಡ್ಡದು. ಒಂದು ನಷ್ಟವೂ ಉಂಟು. ಹೊರಟ ಕಲ್ಲಿಗೆ ಸುತ್ತಿ ಬಂದಾಗ ಅಳತೆಯು ಕೂಡದಿದ್ದರೆ ಹಿಂದಿನವನು ಆ ಅಂತರವನ್ನು ಕಣ್ಣಾರೆ ಕಂಡು ಮರಳಿ ಅಳೆಯುತ್ತಿದ್ದನು. ತಂತ್ರಾಂಶವು ಅದನ್ನು ಎಲ್ಲ ಮೂಲೆಗಳಿಗೂ ಹಂಚಿಬಿಡಬಲ್ಲುದು. ಅದು ಕೊಡುವ ವರದಿಯನ್ನು ಓದದವನಿಗೆ ದೋಷವಿದ್ದುದೇ ತಿಳಿಯದು. ಅಡಿಟಿಪ್ಪಣಿಯಿಲ್ಲದೆ ಪಾಠವನ್ನು ತಿದ್ದಿದ ಗ್ರಂಥಸಂಪಾದಕನ ನೆನಪು ಇಲ್ಲಿ ಬಾರದಿರದು.

ಮಾನದ ತೊಡಕು ಇದಕ್ಕಿಂತಲೂ ಹೆಚ್ಚಿನದು. 2.30 ಎಂಬ ಅಂಕಿಯನ್ನು ಬಳ್ಳಾರಿಯವನು ಎರಡು ಎಕರೆ ಮೂವತ್ತು ಸೆಂಟು ಎಂದು ಓದುತ್ತಾನೆ. ಗುಂಟೆಯ ಸೀಮೆಯವನು ಅದನ್ನೇ ಎರಡು ಎಕರೆ ಮೂವತ್ತು ಗುಂಟೆ ಎಂದು ಓದಿದರೆ ಅದು 2 ಎಕರೆ 75 ಸೆಂಟಾಗುತ್ತದೆ. ವ್ಯತ್ಯಾಸವು 45 ಸೆಂಟು, ಎಂದರೆ 18 ಗುಂಟೆ. ಸಿರುಗುಪ್ಪದ ನೀರಾವರಿ ಗದ್ದೆಯಲ್ಲಿ ಬಡ ಸಂಸಾರವೊಂದರ ಪಾಲೇ ಅಷ್ಟಿರಬಹುದು. ಇಡೀ ರಾಜ್ಯಕ್ಕೆ ಒಂದೇ ಆಗಿರುವ ತಂತ್ರಾಂಶಕ್ಕೆ ಜಿಲ್ಲೆಯ ರೂಢಿಯನ್ನು ತಿಳಿಸಿಕೊಡದಿದ್ದರೆ ಗಣಿತವು ಶುದ್ಧವಾಗಿದ್ದೂ ಫಲವು ಅಶುದ್ಧವಾಗುವುದು. ಬರಿಯ ಚುಕ್ಕಿಯನ್ನು ನಂಬದೆ ಮಾನದ ಹೆಸರನ್ನು ಅಕ್ಷರದಲ್ಲಿ ಬರೆಯುವ ಹಳೆಯ ಕರಣಮರ ಪದ್ಧತಿಯೇ ಇಲ್ಲಿ ಲೇಸೆಂದು ತೋರುತ್ತದೆ.

ಕರ್ನಾಟಕದಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ನೆಲೆಗೊಂಡಿತು. ಅದರಲ್ಲಿ ಇದ್ದುದು ಹಕ್ಕಿನ ವಿವರ, ಹೊಲದ ಆಕಾರವಲ್ಲ. ಆ ಕೊರತೆಯನ್ನು ತುಂಬಲು ಬಂದುದು ಭೂಮಾಪನ ಇಲಾಖೆಯ ‘ಮೋಜಿಣಿ’. ಸರ್ವೆ ನಂಬರಿನ ಒಂದು ಭಾಗವನ್ನು ಮಾರಬೇಕಾದರೆ ಮೊದಲು 11ಇ ನಕ್ಷೆ ಬೇಕು. ಅರ್ಜಿಯು ತಂತ್ರಾಂಶದಲ್ಲಿ ದಾಖಲಾಗಿ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕನಿಗೆ ಹಂಚಿಕೆಯಾಗುತ್ತದೆ. ಅವನು ಹಳೆಯ ದಾಖಲೆಯನ್ನು ಪಡೆದು, ಪಕ್ಕದ ಹಿಡುವಳಿದಾರರಿಗೆ ತಿಳಿವಳಿಕೆ ಪತ್ರ ಕೊಟ್ಟು, ಅಳೆದು, ನಕ್ಷೆಯನ್ನು ಏರಿಸುತ್ತಾನೆ. ಈಗ ‘ದಿಶಾಂಕ್’ ಎಂಬ ಮೊಬೈಲ್ ತಂತ್ರಾಂಶದಲ್ಲಿ ರೈತನು ತಾನು ನಿಂತ ನೆಲದ ಸರ್ವೆ ನಂಬರನ್ನು ತಾನೇ ನೋಡಬಲ್ಲನು. ಆದರೆ ಅದರ ಗೆರೆಯನ್ನು ಬದುವಿನ ವ್ಯಾಜ್ಯಕ್ಕೆ ಪ್ರಮಾಣವಾಗಿ ಹಿಡಿಯುವುದು ತಕ್ಕುದಲ್ಲ. ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹಚಿತ್ರದ ಮೇಲೆ ಹೊದಿಸುವಾಗ ಕೆಲವು ಮಾರು ಅತ್ತಿತ್ತ ಸರಿಯುವುದು ಸಹಜ.

ನೆಲದ ಗುಣವೂ ಉಪಕರಣವನ್ನು ಆಯ್ದುಕೊಡುತ್ತದೆ. ಬಳ್ಳಾರಿ ಪಟ್ಟಣದ ಇಕ್ಕಟ್ಟಾದ ಕೇರಿಗಳಲ್ಲಿ ಮನೆಗಳು ಆಕಾಶವನ್ನು ಮರೆಮಾಡುವುದರಿಂದ ಉಪಗ್ರಹದ ಗ್ರಾಹಕವು ತಡವರಿಸುತ್ತದೆ. ಅಲ್ಲಿ ಟೋಟಲ್ ಸ್ಟೇಷನ್ನೇ ಗತಿ. ಕುರುಗೋಡಿನಲ್ಲಿ ಬಂಡೆಯ ಗುಡ್ಡಗಳು ನೋಟಕ್ಕೆ ಅಡ್ಡ ಬರುವ ಕಡೆ ಗ್ರಾಹಕವೇ ಮೇಲು. ಸಿರುಗುಪ್ಪದ ಬಯಲಿನಲ್ಲಿ ಈ ಎರಡು ಕಷ್ಟಗಳೂ ಇಲ್ಲ. ಅಲ್ಲಿಯ ಕಷ್ಟವು ಕಲ್ಲಿನದು. ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಹೊಲಗಳನ್ನು ಮಟ್ಟಮಾಡಿ ಮಡಿ ಕಟ್ಟಿದಾಗ ಎಷ್ಟೋ ಬಾಂದುಕಲ್ಲುಗಳು ಮಣ್ಣುಪಾಲಾದುವು. ಉಳಿದುವನ್ನು ಎರೆನೆಲವು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿದು ಓರೆಮಾಡುತ್ತದೆ. ಆದುದರಿಂದ ಅಂಗುಲದಷ್ಟು ಸೂಕ್ಷ್ಮವಾಗಿ ಅಳೆಯಬಲ್ಲ ಗ್ರಾಹಕವನ್ನು ಹಿಡಿದ ಭೂಮಾಪಕನು, ಭತ್ತದ ಕೊಯ್ಲು ಮುಗಿದ ಮೇಲೆ, ಹಳೆಯ ಪುಸ್ತಕದ ಕೊಂಡಿಗಳ ಲೆಕ್ಕದಿಂದ ಸ್ಥಳವನ್ನು ಗೊತ್ತುಮಾಡಿ, ಹಾರೆಯಿಂದ ಅಗೆಯಿಸಿ ಮೊದಲು ಒಂದು ಕಲ್ಲನ್ನು ಹುಡುಕಿಸುತ್ತಾನೆ.