ಮೋಟಾರಿನ ಗುಂಡಿಯೂ ಗಾಜಿನ ಫಲಕವೂ

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿಗೆ ಹೋಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮಳೆಗಾಲದ ದಿನ ಮೋಟಾರು ನಡೆಸಿದವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿದೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ ಇರುವ ಮರವಂತೆಯ ದಾರಿಯಲ್ಲಿ ಜಡಿಮಳೆ ಹೊಡೆಯುವಾಗ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕವಿಯುತ್ತದೆ. ಎದುರಿನ ಲಾರಿಯೂ ಕಾಣದು, ರಸ್ತೆ ದಾಟುವ ಮನುಷ್ಯನೂ ಕಾಣನು. ಹಿಂದಿನ ಮೋಟಾರುಗಳಲ್ಲಿ ಚಾಲಕನು ಕಣ್ಣನ್ನು ರಸ್ತೆಯ ಮೇಲೆಯೇ ಇರಿಸಿ, ಕೈಯಿಂದ ತಡವಿ, ಗುಂಡಿಯನ್ನು ತಿರುಗಿಸಿ ಗಾಜಿನತ್ತ ಗಾಳಿ ಬಿಡುತ್ತಿದ್ದನು. ಇಂದಿನ ಅನೇಕ ಹೊಸ ಮೋಟಾರುಗಳಲ್ಲಿ ಆ ಗುಂಡಿಯು ಮಾಯವಾಗಿ, ಟಚ್‌ಸ್ಕ್ರೀನ್ ಎಂಬ ನುಣುಪಾದ ಫಲಕವು ಆ ಸ್ಥಾನವನ್ನು ಆಕ್ರಮಿಸಿದೆ.

ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಗುಂಡಿಯನ್ನು ಬೆರಳೇ ಗುರುತಿಸಬಲ್ಲುದು. ನುಣುಪು ಫಲಕವನ್ನು ಕಣ್ಣಿಟ್ಟೇ ನೋಡಬೇಕು. ಆಟದ ಚೆಂಡೆಯವನು ಚೆಂಡೆಯನ್ನು ನೋಡುತ್ತ ಬಾರಿಸುವುದಿಲ್ಲ. ಅವನ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುತ್ತದೆ. ಚಾಲಕನಿಗೂ ಇದೇ ನ್ಯಾಯ. ಗಂಟೆಗೆ ೮೦ ಕಿಲೋಮೀಟರು ವೇಗದ ಮೋಟಾರು ಒಂದು ಸೆಕೆಂಡಿಗೆ ೨೨ ಮೀಟರು ಓಡುತ್ತದೆ. ಫಲಕದಲ್ಲಿ ಬೇಕಾದ ಚಿಹ್ನೆಯನ್ನು ಹುಡುಕಲು ಎರಡು ಸೆಕೆಂಡು ಕಣ್ಣು ತೆಗೆದರೆ, ೪೪ ಮೀಟರು ದಾರಿಯನ್ನು ನೋಡದೆಯೇ ಸಾಗಿದಂತಾಯಿತು.

ಸ್ವೀಡನ್ ದೇಶದ ‘ವಿ ಬಿಲೇಗರೆ’ ಎಂಬ ಮೋಟಾರು ಪತ್ರಿಕೆಯು ೨೦೨೨ರಲ್ಲಿ ಇದನ್ನು ಅಳೆದು ನೋಡಿತು. ೧೧೦ ಕಿಲೋಮೀಟರು ವೇಗದಲ್ಲಿ ನಾಲ್ಕು ಸಣ್ಣ ಕೆಲಸಗಳನ್ನು ಮಾಡಲು, ಗುಂಡಿಗಳಿದ್ದ ೨೦೦೫ರ ಹಳೆಯ ವೋಲ್ವೋ ಮೋಟಾರಿನಲ್ಲಿ ೧೦ ಸೆಕೆಂಡು ಸಾಕಾಯಿತು. ಅಷ್ಟರಲ್ಲಿ ಅದು ಕ್ರಮಿಸಿದುದು ೩೦೬ ಮೀಟರು. ಫಲಕವುಳ್ಳ ಹೊಸ ಮೋಟಾರುಗಳಲ್ಲಿ ಅತ್ಯಂತ ನಿಧಾನವಾದುದಕ್ಕೆ ಹಿಡಿದುದು ೪೪.೯ ಸೆಕೆಂಡು, ೧,೩೭೨ ಮೀಟರು.

ಫಲಕವು ನಿರುಪಯೋಗಿಯೆಂದು ನಾವು ಹೇಳುವುದಿಲ್ಲ. ನಕ್ಷೆ ತೋರಿಸುವುದಕ್ಕೆ, ಹಿಂದಕ್ಕೆ ತೆಗೆಯುವಾಗ ಹಿಂಬದಿಯನ್ನು ಕಾಣಿಸುವುದಕ್ಕೆ ಅದು ಉಪಕಾರಿಯೇ ಸರಿ. ಹತ್ತಾರು ಗುಂಡಿಗಳ ಕೆಲಸವನ್ನು ಒಂದೇ ಫಲಕಕ್ಕೆ ಒಪ್ಪಿಸಿದರೆ ತಯಾರಕರಿಗೆ ಖರ್ಚು ಉಳಿಯುವುದೂ ಉಂಟು. ಆದರೆ ತಯಾರಕರ ಉಳಿತಾಯದ ಬೆಲೆಯನ್ನು ದಾರಿಹೋಕನು ಪ್ರಾಣದಿಂದ ತೆರಬೇಕಾಗಿ ಬರಬಾರದು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ೧೮೪ನೆಯ ಕಲಮು, ಕೈಯಲ್ಲಿ ಫೋನು ಹಿಡಿದು ಬಳಸುತ್ತ ವಾಹನ ನಡೆಸುವುದನ್ನು ಅಪಾಯಕರ ಚಾಲನೆಯಲ್ಲಿ ಎಣಿಸಿದೆ. ಕೈಯಲ್ಲಿನ ಸಣ್ಣ ಫಲಕವು ದೋಷವಾದರೆ, ಕಾರ್ಖಾನೆಯವರೇ ಜೋಡಿಸಿಕೊಟ್ಟ ದೊಡ್ಡ ಫಲಕವು ನಿರ್ದೋಷವಾಗುವುದು ಹೇಗೆ?

ಯೂರೋಪಿನ ಸುರಕ್ಷಾ ಪರೀಕ್ಷಕ ಸಂಸ್ಥೆಯಾದ ಯೂರೋ ಎನ್‌ಕ್ಯಾಪ್, ತಿರುವಿನ ದೀಪ, ಅಪಾಯಸೂಚಕ ದೀಪ, ವೈಪರ್, ಹಾರನ್ ಮತ್ತು ತುರ್ತು ಕರೆ, ಈ ಐದಕ್ಕೆ ಕೈಗೆ ಸಿಕ್ಕುವ ಗುಂಡಿ ಅಥವಾ ಸನ್ನೆ ಇರಬೇಕೆಂದು ೨೦೨೬ರಿಂದ ತನ್ನ ಪರೀಕ್ಷೆಯಲ್ಲಿ ಗಣನೆಗೆ ತಂದಿದೆ. ನಮ್ಮಲ್ಲಿಯೂ ೨೦೨೩ರ ಅಕ್ಟೋಬರದಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆಯು ನಡೆಯುತ್ತಿದೆ. ಅದರ ನಿಯಮಗಳು ನಮ್ಮ ಮಳೆಗೆ, ನಮ್ಮ ರಸ್ತೆಗೆ ಹೊಂದಿರತಕ್ಕದ್ದು. ಯೂರೋಪಿನವರ ಐದರೊಡನೆ ಗಾಜಿನ ಮಂಜು ತೆಗೆಯುವ ಗುಂಡಿಯನ್ನೂ ಸೇರಿಸಿ, ಗುಂಡಿಯಿಲ್ಲದ ಮೋಟಾರಿಗೆ ಪೂರ್ಣ ನಕ್ಷತ್ರಗಳನ್ನು ಕೊಡಕೂಡದೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.

ಕೊಳ್ಳುವವರ ಕೈಯಲ್ಲಿಯೂ ಶಕ್ತಿಯಿದೆ. ಹೊಸ ಮೋಟಾರನ್ನು ನೋಡಹೋದ ಮಹನೀಯರು ಫಲಕದ ಅಗಲವನ್ನು ಅಳೆಯುವುದಕ್ಕೆ ಮುಂಚೆ, ನಿಂತ ಮೋಟಾರಿನಲ್ಲಿ ಕುಳಿತು, ಕಣ್ಣು ಮುಚ್ಚಿ, ವೈಪರ್ ಮತ್ತು ಮಂಜಿನ ಗುಂಡಿಗಳು ಕೈಗೆ ಸಿಕ್ಕುವುವೋ ಎಂದು ಪರೀಕ್ಷಿಸಲಿ. ಈಗಾಗಲೇ ಫಲಕದ ಮೋಟಾರು ಉಳ್ಳವರು ಹೊರಡುವ ಮೊದಲೇ ಎಲ್ಲವನ್ನೂ ಸರಿಪಡಿಸಿಕೊಳ್ಳಲಿ. ನಡುದಾರಿಯಲ್ಲಿ ಅಗತ್ಯ ಬಿದ್ದರೆ ಬದಿಗೆ ನಿಲ್ಲಿಸಿ ಮುಟ್ಟಲಿ. ಬೈಂದೂರಿಗೆ ಎರಡು ನಿಮಿಷ ತಡವಾಗಿ ಮುಟ್ಟಿದರೆ ಯಾರಿಗೂ ನಷ್ಟವಿಲ್ಲ.